ಊರ ವರ್ತಮಾನ: ಗ್ರಾಮಸಂಘಗಳ ಸದಸ್ಯರಿಗೊಂದು ಬಹಿರಂಗ ಪತ್ರ

ನಮ್ಮ ತಾಲ್ಲೂಕಿನ ಹಳ್ಳಿಗಳ ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಾದ ಸೋದರ ಸೋದರಿಯರೇ,

ಕಳೆದ ತಿಂಗಳು ನಿಮ್ಮ ಹಳ್ಳಿಯೊಂದರ ಡೈರಿಯ ಮುಂದೆ, ಬೆಳಗಿನ ಹಾಲು ಅಳೆಯುವ ಹೊತ್ತಿನಲ್ಲಿ, ಬಸ್ಸಿಗಾಗಿ ಕಾದು ಕುಳಿತಿದ್ದೆನು. ಕ್ಯಾನುಗಳ ಸಾಲಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಆ ದಿನದ ಪತ್ರಿಕೆ ಕೈಯಿಂದ ಕೈಗೆ ದಾಟುತ್ತಿದ್ದಿತು. ಹಿರಿಯರೊಬ್ಬರು ಜಿಲ್ಲೆಯ ಪುಟವನ್ನು ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ನೋಡಿ, "ನಮ್ಮೂರ ಹೆಸರು ಪೇಪರಿನಲ್ಲಿ ಬರಬೇಕಾದರೆ ಯಾರಾದರೂ ಬಾವಿಗೆ ಬೀಳಬೇಕು, ಇಲ್ಲವೇ ಎರಡು ಗುಂಪು ಬಡಿದಾಡಬೇಕು" ಎಂದು ಹೇಳಿ ಮಡಿಸಿಟ್ಟರು. ಸುತ್ತಲಿದ್ದವರಾರೂ ಅದನ್ನು ಅಲ್ಲಗಳೆಯಲಿಲ್ಲ. ಆ ಮಾತು ನನ್ನನ್ನು ಕುರಿತು ಆಡಿದ್ದಾಗಿರಲಿಲ್ಲ. ಆದರೆ ಮೂರು ದಶಕಗಳಿಗೂ ಮಿಗಿಲಾಗಿ ಇದೇ ತಾಲ್ಲೂಕಿನಲ್ಲಿ ಬಾತ್ಮೀದಾರನಾಗಿದ್ದು, ಅನಂತರ ಕೆಲವು ವರ್ಷ ಜಿಲ್ಲಾ ಕಚೇರಿಯಲ್ಲಿ ಉಪಸಂಪಾದಕನ ಮೇಜಿನ ಮುಂದೆ ಕುಳಿತು, ಈಗ ವಿಶ್ರಾಂತನಾಗಿರುವ ನನ್ನ ಮನಸ್ಸಿಗೆ ಅದು ನೇರವಾಗಿ ನಾಟಿತು. ಆ ದಿನ ಬಸ್ಸಿನಲ್ಲಿ ಕುಳಿತಾಗಲೇ ಈ ಪತ್ರವನ್ನು ಬರೆಯಬೇಕೆಂದು ನಿಶ್ಚಯಿಸಿದೆನು.

ಮೊದಲು ಪತ್ರಿಕೆಯ ಒಳಗಿನ ಸ್ಥಿತಿಯನ್ನು ಬಿಚ್ಚಿ ಹೇಳುತ್ತೇನೆ. ತಾಲ್ಲೂಕಿಗೊಬ್ಬ ವರದಿಗಾರನೆಂದರೆ, ಬಹುಮಟ್ಟಿಗೆ, ಅರೆಕಾಲದ ಸಂಭಾವನೆಗೆ ದುಡಿಯುವ, ಹೊಟ್ಟೆಪಾಡಿಗೆ ಮತ್ತೊಂದು ಕೆಲಸವನ್ನು ಇಟ್ಟುಕೊಂಡಿರುವ ಒಬ್ಬ ಮನುಷ್ಯ. ಅವನ ಕಣ್ಣಿಗೆ ಬೀಳುವುದು ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಆಸ್ಪತ್ರೆ, ಮಂತ್ರಿಗಳು ಬಂದುಹೋಗುವ ಪ್ರವಾಸಿ ಮಂದಿರ ಇಷ್ಟೇ. ನೂರಾರು ಹಳ್ಳಿಗಳಿಗೆ ಅವನು ದಿನವೂ ಹೋಗಿ ಬರಲಾರನು. ವರ್ಷಕ್ಕೊಮ್ಮೆ ಹೋದರೂ ಅದು ಜಾತ್ರೆಗೋ ಜಗಳಕ್ಕೋ. ಅವನು ಕಳುಹಿಸಿದ್ದು ಜಿಲ್ಲಾ ಕಚೇರಿಗೆ ಬಂದಾಗ, ಅಲ್ಲಿ ಜಾಹೀರಾತು ಹಿಡಿದುಕೊಂಡು ಉಳಿದ ಜಾಗಕ್ಕೆ ಎಂಟು ಹತ್ತು ತಾಲ್ಲೂಕುಗಳ ಸುದ್ದಿ ಸ್ಪರ್ಧಿಸುತ್ತಿರುತ್ತದೆ. ದೂರದ ಊರುಗಳಿಗೆ ಹೋಗುವ ಪ್ರತಿಗಳು ಮೊದಲು ಅಚ್ಚಾಗಬೇಕಾದುದರಿಂದ ಹಳ್ಳಿಗಳಿಗೆ ತಲಪುವ ಪುಟವೇ ಎಲ್ಲಕ್ಕಿಂತ ಮುಂಚೆ ಮುಗಿಯುತ್ತದೆ. ರಾತ್ರಿ ಹತ್ತಕ್ಕೆ ಬಂದ ವರ್ತಮಾನ ಪಟ್ಟಣದ ಆವೃತ್ತಿಯಲ್ಲಿ ಸ್ಥಳ ಪಡೆದೀತು. ಅದು ನಡೆದ ಹಳ್ಳಿಗೆ ಹೋಗುವ ಪ್ರತಿಯಲ್ಲಿ ಮಾತ್ರ ಇರುವುದಿಲ್ಲ. ನಿಮ್ಮೂರ ಹೆಸರು ಕಾಣದೆ ಹೋಗುವುದಕ್ಕೆ ಯಾರದೋ ದ್ವೇಷ ಕಾರಣವಲ್ಲ. ಅಲ್ಲಿ ನಡೆದುದನ್ನು ಕಂಡು, ಕೇಳಿ, ಸಕಾಲದಲ್ಲಿ ಬರೆದು ಕಳುಹಿಸುವವರು ಆ ಊರಿನಲ್ಲಿ ಇಲ್ಲದಿರುವುದೇ ಮುಖ್ಯ ಕಾರಣ. ಕೆರೆಯ ಹೂಳೆತ್ತುವುದು, ಗುಡಿಗೆ ಸುಣ್ಣ ಬಳಿಯುವುದು ಹೇಗೆ ಊರಿನ ಕೆಲಸವೋ, ಊರ ವರ್ತಮಾನವನ್ನು ಬರೆದು ಕಳುಹಿಸುವುದೂ ಹಾಗೆಯೇ ಊರಿನ ಕೆಲಸವೆಂದು ನನ್ನ ನಂಬಿಕೆ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೇನೂ ಅಲ್ಲ. 1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನು ಕಲ್ಲಚ್ಚಿನಲ್ಲಿ ತೆಗೆದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಆ ಪುಟ್ಟ ಪತ್ರಿಕೆಯಲ್ಲಿ ಸರಕಾರದ ಆಜ್ಞೆಗಳೂ ಪರದೇಶದ ವಾರ್ತೆಗಳೂ ಇದ್ದಂತೆ ಊರ ವರ್ತಮಾನಕ್ಕೂ ಸ್ಥಾನವಿದ್ದಿತು. ಕನ್ನಡದಲ್ಲಿ ಪತ್ರಿಕೆಯೆಂಬುದು ಹುಟ್ಟುವಾಗಲೇ ಊರನ್ನು ಜೊತೆಗಿಟ್ಟುಕೊಂಡು ಹುಟ್ಟಿತು. ಆ ಸ್ಥಾನವನ್ನು ತುಂಬತಕ್ಕ ಜನ ಊರಿನಲ್ಲೇ ಇರಬೇಕಾದುದು ಅಂದಿಗೂ ಇಂದಿಗೂ ಒಂದೇ.

ಹಾಗೆ ಬರೆಯುವುದಕ್ಕೆ ಪಾಂಡಿತ್ಯ ಬೇಕೆ? ನನ್ನ ಬಾತ್ಮೀದಾರಿಕೆಯ ಕಾಲದಲ್ಲಿ, ಸುದ್ದಿಯ ಲಕೋಟೆಯನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಿದ್ದ ದಿನಗಳಲ್ಲಿ, ಬಂದ ಒಂದು ಇನ್‌ಲ್ಯಾಂಡ್ ಪತ್ರವನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟಿದ್ದೇನೆ. ಒಂದು ಹಳ್ಳಿಯ ಹೆಂಗಸರ ಸಂಘದವರು ಬರೆದದ್ದು ಅದು. ಅಕ್ಷರಗಳು ಗುಂಡಗಿಲ್ಲ, ದೀರ್ಘ ಒತ್ತುಗಳು ತಪ್ಪಿವೆ. ಅದರಲ್ಲಿದ್ದ ವಿಷಯ ಹೀಗೆ: ಸೋಮವಾರ ಸಾಯಂಕಾಲ ತಾವು ಐದು ಜನ ಕೆರೆಯ ಏರಿಯ ಮೇಲೆ ಹೋಗಿ ನೋಡಿದುದಾಗಿಯೂ, ತೂಬಿನ ಬಲಮಗ್ಗುಲಲ್ಲಿ ನಾಲ್ಕು ಹೆಜ್ಜೆ ದೂರಕ್ಕೆ ಏರಿಯ ಒಳಗಿನಿಂದ ನೀರು ಜಿನುಗುತ್ತಿರುವುದಾಗಿಯೂ, ಹಿಂದಿನ ವಾರ ಅಲ್ಲಿ ಬಿಂದಿಗೆಯಿಟ್ಟರೆ ತುಂಬುವಷ್ಟರಲ್ಲಿ ಮುನ್ನೂರು ಎಣಿಸಬೇಕಾಗಿದ್ದಿತೆಂದೂ, ಈಗ ನೂರು ಎಣಿಸುವುದರೊಳಗೆ ತುಂಬುತ್ತದೆಂದೂ, ಮೊದಲು ತಿಳಿಯಾಗಿದ್ದ ನೀರು ಈಗ ಕೆಂಪಗೆ ಮಣ್ಣು ಕಲಸಿಕೊಂಡು ಬರುತ್ತಿದೆಯೆಂದೂ, ಕೆರೆಯ ಕೆಳಗೆ ಹದಿನೆಂಟು ಮನೆಗಳವರ ಗದ್ದೆ ಇದೆಯೆಂದೂ, ಇಲಾಖೆಗೆ ಇಂಥ ತಾರೀಖಿನಂದು ಅರ್ಜಿ ಕೊಟ್ಟಿದ್ದು ಸ್ವೀಕೃತಿ ತಮ್ಮ ಬಳಿ ಇದೆಯೆಂದೂ ಬರೆದಿದ್ದರು. ಕೆಳಗೆ ನಾಲ್ಕು ಸಹಿ, ಒಂದು ಹೆಬ್ಬೆಟ್ಟಿನ ಗುರುತು.

ಆ ಬಿಂದಿಗೆಯ ಎಣಿಕೆಯನ್ನು ನೋಡಿರಿ. ಕೆರೆ ಅಪಾಯದಲ್ಲಿದೆ, ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಿದ್ದಾರೆ, ಜನರ ಗೋಳು ಕೇಳುವವರಿಲ್ಲ ಎಂಬ ಬಗೆಯ ಪತ್ರಗಳು ಪತ್ರಿಕಾ ಕಚೇರಿಗೆ ದಿನಕ್ಕೆ ಹತ್ತು ಬರುತ್ತವೆ, ಹತ್ತೂ ಒಂದೇ ಬಗೆಯಾಗಿ ಕಾಣುತ್ತವೆ. ಮುನ್ನೂರು ನೂರಕ್ಕೆ ಇಳಿಯಿತೆಂಬ ಮಾತು ಮಾತ್ರ ಆ ಒಂದು ಕೆರೆಗೇ ಸೇರಿದ್ದು. ಅದನ್ನು ಅಳೆದವರು ನೀರು ಹೊತ್ತು ಬದುಕಿದ ಹೆಂಗಸರು. ತಮಗೆ ಗೊತ್ತಿದ್ದ ಅಳತೆಯಿಂದಲೇ ಅಳೆದರು. ನಾನು ಮರುದಿನ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದು, ಆ ಎಣಿಕೆಯನ್ನೇ ಮೊದಲ ವಾಕ್ಯವಾಗಿ ಬರೆದೆನು. ಸುದ್ದಿ ಅಚ್ಚಾಯಿತು, ಮೂರನೆಯ ದಿನ ಮರಳಿನ ಚೀಲಗಳು ಏರಿಗೆ ಬಂದವು. ಆದಕಾರಣ ನೀವು ಬರೆಯುವಾಗ ವಿಶೇಷಣಗಳನ್ನು ಬಿಟ್ಟು, ನೀವು ಕಂಡದ್ದನ್ನು, ಎಣಿಸಿದ್ದನ್ನು, ಅಳೆದದ್ದನ್ನು ಬರೆಯಿರಿ. ರಸ್ತೆ ಕೆಟ್ಟಿದೆಯೆನ್ನುವುದಕ್ಕಿಂತ, ಊರಿನಿಂದ ಮುಖ್ಯರಸ್ತೆಯವರೆಗೆ ಎಷ್ಟು ಗುಂಡಿಗಳಿವೆ, ಶಾಲೆಗೆ ಹೋಗುವ ಮಕ್ಕಳೆಷ್ಟು, ಬಸ್ಸು ಯಾವ ದಿನದಿಂದ ನಿಂತಿತು, ಡಿಪೋದವರು ಏನು ಹೇಳಿದರು ಎನ್ನುವುದನ್ನು ಬರೆದರೆ, ಉಪಸಂಪಾದಕನು ಅದನ್ನು ಬದಿಗಿಡಲು ಕಾರಣ ಹುಡುಕಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿದರೆ ನಾನು ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ, ಅಂಗನವಾಡಿಯ ಕಾರ್ಯಕರ್ತೆಯೊಬ್ಬರು ಮಕ್ಕಳ ಆಹಾರವನ್ನು ಮಾರಿಕೊಳ್ಳುತ್ತಿದ್ದಾರೆಂದು ಸಹಿಯಿಲ್ಲದ ಪತ್ರವೊಂದು ಬಂದಿತು. ಹಳ್ಳಿ ದೂರ, ಮಳೆಗಾಲ, ಎರಡು ತಿಂಗಳಿಂದ ಮಕ್ಕಳಿಗೆ ಆಹಾರ ಸಿಕ್ಕಿಲ್ಲವೆಂಬುದನ್ನು ಆ ಕಡೆಯಿಂದ ಬಂದವರೊಬ್ಬರು ಹೌದೆಂದರು. ಅಷ್ಟೇ ಸಾಕೆಂದು, 'ಗ್ರಾಮಸ್ಥರು ದೂರಿದ್ದಾರೆ' ಎಂಬ ಮಾತಿನ ಆಸರೆಯಲ್ಲಿ ನಾನು ಸುದ್ದಿ ಬರೆದೆನು. ವಿಚಾರಣೆ ನಡೆದಾಗ ತಿಳಿದುಬಂದದ್ದು, ಆ ಎರಡು ತಿಂಗಳು ಆಹಾರದ ದಾಸ್ತಾನು ಆ ಕೇಂದ್ರಕ್ಕೆ ಬಂದೇ ಇರಲಿಲ್ಲವೆಂಬುದು. ತಿದ್ದುಪಡಿ ನಾಲ್ಕು ಸಾಲಿನಲ್ಲಿ ಒಳಪುಟದಲ್ಲಿ ಅಚ್ಚಾಯಿತು. ನಾನು ಆ ತಾಯಿಯ ಮನೆಗೆ ಕ್ಷಮೆ ಕೇಳಲು ಹೋದೆನು. ಅವರು ಮಾತನಾಡಲಿಲ್ಲ, ಒಳಗೆ ಹೋಗಿ ದಾಸ್ತಾನಿನ ಪುಸ್ತಕವನ್ನು ತಂದು, ಆ ಎರಡು ತಿಂಗಳ ಪುಟಗಳನ್ನು ಬಿಡಿಸಿ, ನನ್ನ ಮುಂದೆ ಜಗಲಿಯ ಮೇಲೆ ಇಟ್ಟರು. ಖಾನೆಗಳೆಲ್ಲ ಖಾಲಿ, ಪ್ರತಿಯೊಂದು ದಿನದ ಎದುರಿಗೂ ಅವರ ಸಹಿ. ನಾನು ಒಮ್ಮೆ ಹೋಗಿ ಕೇಳಿದ್ದರೆ ಆ ಪುಸ್ತಕ ಆಗಲೂ ಅಲ್ಲಿಯೇ ಇರುತ್ತಿದ್ದಿತು.

ಯಾರ ಮೇಲೆ ದೂರು ಬರೆಯುತ್ತೀರೋ ಅವರನ್ನು ಕೇಳದೆ ಬರೆಯಬೇಡಿರೆಂದು ನಾನು ಕೈಮುಗಿದು ಬೇಡುತ್ತೇನೆ. ಅವರು ಉತ್ತರ ಕೊಡಲಿಲ್ಲವಾದರೆ, ಇಂಥ ದಿನ ಕೇಳಿದೆವು, ಉತ್ತರ ಬರಲಿಲ್ಲ ಎಂದು ಬರೆಯಿರಿ. ಸಹಿಯಿಲ್ಲದ ಕಾಗದವನ್ನು ಕಳುಹಿಸಲೇಬೇಡಿರಿ. ಹೆಸರು ಹೊರಬಂದರೆ ತೊಂದರೆಯಾಗುವುದೆಂಬ ಭಯವಿದ್ದರೆ, ಹೆಸರನ್ನು ಅಚ್ಚುಹಾಕಬಾರದೆಂದು ಸಂಪಾದಕರಿಗೆ ಬರೆದು, ಅವರಿಗೆ ಮಾತ್ರ ನಿಮ್ಮ ಹೆಸರು ವಿಳಾಸಗಳನ್ನು ತಿಳಿಸಿರಿ. ಅತ್ಯಾಚಾರಕ್ಕೆ ತುತ್ತಾದ ಹೆಣ್ಣಿನ, ದೌರ್ಜನ್ಯಕ್ಕೆ ಗುರಿಯಾದ ಮಗುವಿನ ಹೆಸರನ್ನಾಗಲಿ, ಅವರ ಮನೆ, ಶಾಲೆ, ಬಂಧುಗಳ ಗುರುತನ್ನಾಗಲಿ ಎಲ್ಲಿಯೂ ಹೊರಗೆಡಹಬಾರದು. ಕಾನೂನೂ ಅದನ್ನು ಅಪರಾಧವೆನ್ನುತ್ತದೆ.

ಊರಿನವರೇ ಬರೆದುದರಿಂದ ಏನಾದೀತೆಂದು ಸಂಶಯಪಡುವವರು ನಮ್ಮ ಗಡಿಯಾಚೆಗಿನ ಒಂದು ಕನ್ನಡ ಸೀಮೆಯ ಕಡೆಗೆ ನೋಡಬೇಕು. ಇಂದಿನ ಕಾಸರಗೋಡು ಜಿಲ್ಲೆಯ ಪಡ್ರೆ ಎಂಬ ಹಳ್ಳಿಯ ಸುತ್ತಲಿನ ಗುಡ್ಡಗಳಲ್ಲಿ ಕೇರಳ ಸರಕಾರದ ನೆಡುತೋಪು ನಿಗಮದ ಗೇರು ತೋಟಗಳಿದ್ದು, ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಊರಿನ ದನಗಳಿಗೆ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕಂಡು ಅದನ್ನು ಬರೆದು 1981ರಲ್ಲಿಯೇ ಪತ್ರಿಕೆಗೆ ಕೊಟ್ಟವರು ಅದೇ ಊರಿನ ಕೃಷಿಕ ಶ್ರೀ ಪಡ್ರೆಯವರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ವ್ಯಾಧಿಗಳು ಅಸಹಜವಾಗಿ ಹೆಚ್ಚುತ್ತಿರುವುದನ್ನು ಗುರುತಿಸಿ ಹೊರಗಿನವರ ಗಮನಕ್ಕೆ ತಂದರು. 1981ರ ಬರೆಹಕ್ಕೂ, ಆ ವಿಷವನ್ನು ದೇಶದಲ್ಲೆಲ್ಲ ತಡೆದ ಸರ್ವೋಚ್ಚ ನ್ಯಾಯಾಲಯದ 2011ರ ಮೇ 13ರ ಆಜ್ಞೆಗೂ ನಡುವೆ ಮೂವತ್ತು ವರ್ಷಗಳು ಕಳೆದವು. ಆ ಮೂವತ್ತು ವರ್ಷಗಳಲ್ಲಿ ಆದ ಹಾನಿಯನ್ನು ನೆನೆದರೆ ಎದೆ ಕುಗ್ಗುತ್ತದೆ. ಒಂದು ಸುದ್ದಿ ಒಂದು ಸಲ ಬಂದೊಡನೆ ಲೋಕ ಎದ್ದು ನಿಲ್ಲುತ್ತದೆಂದು ನಾನು ನಿಮಗೆ ಆಸೆ ಹುಟ್ಟಿಸಲಾರೆ. ಆದರೆ ಕರುವಿನ ಕಾಲನ್ನು ನೋಡಿದವರು ಪಟ್ಟಣದ ವರದಿಗಾರರಲ್ಲ. ಕೊಟ್ಟಿಗೆಗೆ ದಿನವೂ ಹೋಗಿಬರುವವರು.

ಮುಂದೆ 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯನ್ನು ಕಟ್ಟಿದವರಲ್ಲಿಯೂ ಅದೇ ಶ್ರೀ ಪಡ್ರೆಯವರು ಪ್ರಮುಖರು. ಕೃಷಿಯನ್ನು ಮಾಡುವವನೇ ಕೃಷಿಯ ವಿಷಯವನ್ನು ಬರೆಯಬೇಕೆಂದು, 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನಲ್ಲಿ ಅವರು ಶಿಬಿರಗಳನ್ನು ನಡೆಸಿ, ಅದುವರೆಗೆ ಲೆಕ್ಕದ ಪುಸ್ತಕವನ್ನಲ್ಲದೆ ಬೇರೇನನ್ನೂ ಬರೆಯದಿದ್ದವರಿಂದ ಬರೆಯಿಸಿದರು. ಅಡಿಕೆಯ ತೋಟದವರಿಗೆ ಸಾಧ್ಯವಾದುದು ನಮ್ಮ ರಾಗಿಯ ಹೊಲದವರಿಗೆ ಏಕೆ ಸಾಧ್ಯವಾಗಬಾರದು?

ಈಗ ಕೆಲಸದ ಮಾತಿಗೆ ಬರುತ್ತೇನೆ. ಸಮಾರಂಭವಾದ ಮೇಲೆ ನೀವು ಕಳುಹಿಸುವ ಪ್ರಕಟಣೆಗಳು ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತವೆ: ಇಂಥವರು ದೀಪ ಬೆಳಗಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದರು, ಇಂಥವರು ಮುಖ್ಯ ಅತಿಥಿಗಳಾಗಿದ್ದರು, ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು. ಹದಿನಾರು ಹೆಸರುಗಳಾದ ಮೇಲೆ ಕೊನೆಯ ಸಾಲಿನಲ್ಲಿ, ಶಿಬಿರದಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲಾಯಿತೆಂಬ ಮಾತು ಬರುತ್ತದೆ. ಜಾಗ ಸಾಲದೆ ಉಪಸಂಪಾದಕನು ಕತ್ತರಿಸುವುದು ಕೊನೆಯಿಂದ. ಹೀಗಾಗಿ ಲಸಿಕೆ ಹೋಗಿ ದೀಪ ಉಳಿಯುತ್ತದೆ. ಎಷ್ಟು ದನಗಳಿಗೆ ಲಸಿಕೆಯಾಯಿತು, ಎಷ್ಟು ಉಳಿದವು, ಪಕ್ಕದ ಹಳ್ಳಿಯವರಿಗೆ ಯಾವ ದಿನ, ಎಲ್ಲಿ ಎಂಬುದನ್ನು ಮೊದಲು ಬರೆಯಿರಿ; ಗಣ್ಯರ ಹೆಸರು ಕೊನೆಗೆ ಬರಲಿ. ಜನ ಬಂದು ಪ್ರಯೋಜನ ಪಡೆಯಬೇಕಾದ ಕಾರ್ಯಕ್ರಮವಾದರೆ ನಾಲ್ಕೈದು ದಿನ ಮೊದಲೇ ಪ್ರಕಟಣೆಯನ್ನು ಕಳುಹಿಸಬೇಕು. ನಡೆದುಹೋದುದನ್ನಾದರೆ ಅದೇ ದಿನ, ಹೊತ್ತು ಮುಳುಗುವ ಮೊದಲು.

ಬರೆದದ್ದನ್ನು ಕಾಗದದ ಮೇಲಿಂದ ಫೋಟೋ ಹಿಡಿದು ಕಳುಹಿಸಿದರೆ ಅಲ್ಲಿ ಯಾರಾದರೂ ಕುಳಿತು ಮತ್ತೆ ಟೈಪು ಮಾಡಬೇಕು. ಆ ಯಾರಾದರೂ ಅಂದು ರಜೆಯಲ್ಲಿದ್ದರೆ ನಿಮ್ಮ ಸುದ್ದಿಯೂ ರಜೆಯಲ್ಲಿರುತ್ತದೆ. ಮೊಬೈಲಿನಲ್ಲಿಯೇ ಯೂನಿಕೋಡ್ ಅಕ್ಷರಗಳಲ್ಲಿ ಟೈಪು ಮಾಡಿ ಕಳುಹಿಸುವುದು ಉತ್ತಮ. ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟಾಗಿ ಕಳುಹಿಸಿದರೆ ಅಚ್ಚಿಗೆ ಬರುವಷ್ಟು ಸ್ಪಷ್ಟವಾಗಿರುತ್ತದೆ. ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ, ಇನಿಷಿಯಲ್ ಸಹಿತ, ಅವರನ್ನೇ ಕೇಳಿ ಬರೆದುಕೊಳ್ಳಿರಿ. ಜೀವನದಲ್ಲಿ ಒಂದೇ ಸಲ ಪತ್ರಿಕೆಯಲ್ಲಿ ಬರುವ ಹೆಸರು ತಪ್ಪಾಗಿ ಬಂದರೆ ಆ ಮನುಷ್ಯನಿಗಾಗುವ ನೋವನ್ನು ನಾನು ಕಂಡಿದ್ದೇನೆ. ಸುದ್ದಿಯ ಕೆಳಗೆ ಕಳುಹಿಸಿದವರ ಹೆಸರೂ ದೂರವಾಣಿಯೂ ಇರಲೇಬೇಕು. ಎಲ್ಲಿಗೆ ಕಳುಹಿಸುವುದೆಂದು ತಿಳಿಯದಿದ್ದರೆ ಪತ್ರಿಕೆಯ ಅಡಿಭಾಗದ ಸಣ್ಣ ಅಕ್ಷರಗಳನ್ನು ಓದಿರಿ. ಮುದ್ರಕ, ಪ್ರಕಾಶಕರ ಹೆಸರನ್ನೂ ಅಚ್ಚಾದ ಸ್ಥಳವನ್ನೂ ಪ್ರಕಟಿಸಬೇಕೆಂಬ ನಿಯಮ 1867ರ ಕಾನೂನಿನಷ್ಟು ಹಳೆಯದು. ಕಚೇರಿಗೆ ಫೋನು ಮಾಡುವುದಾದರೆ ಮಧ್ಯಾಹ್ನಕ್ಕೆ ಮುಂಚೆ ಮಾಡಿರಿ. ಪುಟ ಮುಗಿಸುವ ಹೊತ್ತಿನಲ್ಲಿ ಯಾರಿಗೂ ಕಿವಿ ಇರುವುದಿಲ್ಲ. ಸುದ್ದಿ ಪ್ರಕಟವಾಗದಿದ್ದರೆ ಒಮ್ಮೆ ವಿನಯದಿಂದ ವಿಚಾರಿಸಿ, ಅದೇ ವಿಷಯವನ್ನು ನೂರು ಮಾತುಗಳೊಳಗೆ ಇಳಿಸಿ ಓದುಗರ ಪತ್ರಗಳ ಅಂಕಣಕ್ಕೆ ಬರೆಯಬಹುದು. ಅಲ್ಲಿ ಬಂದ ಪತ್ರವನ್ನು ನೋಡಿ ಅಧಿಕಾರಿಗಳು ಎದ್ದು ಬಂದ ನಿದರ್ಶನಗಳು ನನ್ನ ಅನುಭವದಲ್ಲಿಯೇ ಹಲವು. ಹಣವನ್ನು ಮಾತ್ರ ಯಾರಿಗೂ ಕೊಡಕೂಡದು. ಸುದ್ದಿಗೆ ಬೆಲೆ ಕೇಳುವವನು ಯಾವ ಪತ್ರಿಕೆಯ ಗುರುತಿನ ಚೀಟಿ ತೋರಿಸಿದರೂ ಅವನ ಸಂಪಾದಕರಿಗೆ ಬರೆದು ತಿಳಿಸಿರಿ.

ಬರೆಯಲು ವಿಷಯವೆಲ್ಲಿದೆಯೆಂದು ಯುವಕರು ನನ್ನನ್ನು ಕೇಳುವುದುಂಟು. 1993ರ ಪಂಚಾಯತ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಸೇರಿತೆ? ಎಷ್ಟು ಜನ ಬಂದರು? ಕಳೆದ ಸಭೆಯಲ್ಲಿ ಒಪ್ಪಿದ ಚರಂಡಿ ಆಯಿತೆ? ಇಷ್ಟನ್ನು ಬರೆದುಕೊಂಡರೆ ವರ್ಷಕ್ಕೆ ಸಾಲುವಷ್ಟು ವರ್ತಮಾನವಿದೆ. ಲೆಕ್ಕ ತಿಳಿಯದೆ ಹೋದಲ್ಲಿ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. 10 ರೂಪಾಯಿ ಶುಲ್ಕದೊಡನೆ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯವನ್ನು ಕುರಿತು 150 ಪದಗಳನ್ನು ಮೀರದಂತೆ ಅರ್ಜಿ ಕೊಟ್ಟರೆ, 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಆ ಉತ್ತರದ ಕಾಗದವನ್ನು ಕೈಯಲ್ಲಿಟ್ಟುಕೊಂಡು ಬರೆದ ಸುದ್ದಿಗೆ ಬರುವ ಬಲವೇ ಬೇರೆ. ಇವಲ್ಲದೆ, ಹಿರಿಯರು ನೆನಪಿನಿಂದ ಹೇಳುವ ಬೀಜದ ರಾಗಿಯ ತಳಿಗಳು, ನಿಂತುಹೋದ ಬಯಲಾಟ, ಊರಿನ ಸೂಲಗಿತ್ತಿ, ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮನೆ, ಇವೂ ವರ್ತಮಾನವೇ.

ಒಂದು ವಿಷಯದಲ್ಲಿ ನಿಮ್ಮನ್ನು ವಿಶೇಷವಾಗಿ ಪ್ರಾರ್ಥಿಸಬೇಕಾಗಿದೆ. 'ನಮ್ಮೂರು' ಎಂದು ಬರೆಯುವವರು ಬಹುತೇಕ ಊರ ನಡುವಿನ ಬೀದಿಯವರು. ನಲ್ಲಿಯಲ್ಲಿ ನೀರು ಬಂತೆಂದು ಅವರು ಬರೆದಾಗ ಆ ನೀರು ಕೊನೆಯ ಕೇರಿಗೆ ಏರಿತೇ ಇಲ್ಲವೇ ಎಂಬುದು ಅವರಿಗೆ ತಿಳಿದಿರುವುದಿಲ್ಲ, ತಿಳಿಯುವ ಅಗತ್ಯವೂ ಅವರಿಗೆ ತೋರುವುದಿಲ್ಲ. ನಾನೂ ಎಷ್ಟೋ ವರ್ಷ ಪಂಚಾಯತಿ ಕಟ್ಟೆಯ ಮೇಲೆ ಕುಳಿತೇ ಹಳ್ಳಿಯ ಸುದ್ದಿ ಸಂಗ್ರಹಿಸಿದವನು. ಕೇರಿಯವರನ್ನು ಕುರಿತು ಬರೆದರೆ ಸಾಲದು, ಕೇರಿಯವರೇ ಬರೆಯಬೇಕು. ನಿಮ್ಮ ಸಂಘ ಬರೆಯುವವರನ್ನು ಆರಿಸುವಾಗ ಇಬ್ಬರನ್ನು ಆರಿಸಿ, ಒಬ್ಬರು ಆ ಕೊನೆಯ ಕೇರಿಯವರಾಗಿರುವಂತೆಯೂ, ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರುವಂತೆಯೂ ನೋಡಿಕೊಳ್ಳಿರಿ. ಆ ಇಬ್ಬರ ಕೈಗೆ ಸಂಘದ ಹಣದಿಂದ ಒಂದು ದಪ್ಪರಟ್ಟಿನ ನೋಟುಪುಸ್ತಕವನ್ನು ಕೊಡಿಸಿ, ಮಳೆ ಬಿದ್ದ ದಿನ, ಕರೆಂಟು ಹೋದ ಗಂಟೆ, ವೈದ್ಯರು ಬಾರದ ವಾರ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡಲು ಹೇಳಿರಿ. ಒಂದು ದಿನದ ಟಿಪ್ಪಣಿಯಲ್ಲಿ ಏನೂ ಕಾಣದಿರಬಹುದು. ಆರು ತಿಂಗಳ ಟಿಪ್ಪಣಿಯನ್ನು ಒಟ್ಟಿಗೆ ಓದಿದಾಗ, ಆರೋಗ್ಯ ಕೇಂದ್ರದಲ್ಲಿ ವೈದ್ಯರು ಎಷ್ಟು ದಿನ ಇದ್ದರೆಂಬ ಲೆಕ್ಕ ತಾನಾಗಿ ಎದ್ದು ಬರುತ್ತದೆ.

ನನಗೆ ಈಗ ಓಡಾಟ ಕಡಿಮೆ. ಆದರೂ ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಪಟ್ಟಣದ ಗ್ರಂಥಾಲಯದ ಎದುರಿನ ಹೊಂಗೆಯ ಮರದ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ನಿಮ್ಮ ಸಂಘಗಳಿಂದ ಯಾರು ಬಂದರೂ ಸಂತೋಷ. ಬರುವಾಗ ಆ ವಾರ ನಿಮ್ಮೂರಿನಲ್ಲಿ ನಡೆದು, ನೀವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹತ್ತು ಸಾಲಿನಲ್ಲಿ ಬರೆದು ತನ್ನಿರಿ. ಅಕ್ಷರ ಹೇಗಿದ್ದರೂ ಚಿಂತೆಯಿಲ್ಲ. ಆ ಹೆಂಗಸರ ಇನ್‌ಲ್ಯಾಂಡ್ ಪತ್ರವನ್ನು ನಾನು ತರುತ್ತೇನೆ. ಮೊದಲು ಅದನ್ನು ಓದೋಣ, ಆಮೇಲೆ ನಿಮ್ಮದನ್ನು.

ಇತಿ ತಮ್ಮ ವಿಶ್ವಾಸಿ,
ಈ ತಾಲ್ಲೂಕಿನ ಒಬ್ಬ ಹಳೆಯ ಬಾತ್ಮೀದಾರ